ಸೊಂಟದ ಅಳತೆ, ಕಂತಿನ ಅಳತೆ

(ಹಗರಿಬೊಮ್ಮನಹಳ್ಳಿಯ ಒಂದು ಮನೆ. ದೊಡ್ಡಪ್ಪ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೊಂದರ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ತಮ್ಮನ ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿದ್ದಾಳೆ. ಕೊಟ್ಟೂರು ತೇರಿಗೆಂದು ಊರಿಗೆ ಬಂದಿದ್ದಾಳೆ. ಅವಳ ಹಿಂದೆಯೇ ಕಚೇರಿಯ ಕೆಲಸವೂ ಬಂದಿದೆ.)

ದೊಡ್ಡಪ್ಪ: ತೇರಿಗೆ ಬಂದವಳು ಬೆಳಿಗ್ಗೆಯಿಂದ ಅದೇನು ಬರೆದು ಬರೆದು ಅಳಿಸುತ್ತಿದ್ದೀಯವ್ವ?

ಮಗಳು: ಒಂದು ಪ್ರಸ್ತಾವ, ದೊಡ್ಡಪ್ಪ. ನಮ್ಮ ನೌಕರರ ಗ್ರೂಪ್ ಇನ್ಶೂರೆನ್ಸ್ ನವೀಕರಣಕ್ಕೆ ಬಂದಿದೆ. ವಿಮೆಯವರು ಪ್ರೀಮಿಯಂ ಅನ್ನು ಐದರಲ್ಲೊಂದು ಭಾಗ ಏರಿಸಿದ್ದಾರೆ. ಏರಿದ್ದನ್ನೆಲ್ಲ ಕಂಪನಿಯೇ ಹೊರಲಾಗದು ಎಂದು ಫೈನಾನ್ಸ್‌ನವರು ಕೂತಿದ್ದಾರೆ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಹೋಲಿಸುವ ಅಂಕಿ, 25 ದಾಟಿದವರ ಸಂಬಳದಲ್ಲಿ ತಿಂಗಳಿಗೆ 500 ರೂಪಾಯಿ ಹಿಡಿಯೋಣ ಅನ್ನುವುದು ಅವರ ಸಲಹೆ. ಅದಕ್ಕೆ ಒಪ್ಪುವಂಥ ಒಕ್ಕಣೆ ಬರೆಯುವುದು ನನ್ನ ಪಾಲಿಗೆ ಬಂದಿದೆ.

ದೊಡ್ಡಪ್ಪ: ದಪ್ಪಗಿದ್ದವರಿಗೆ ದಂಡ ಅನ್ನು.

ಮಗಳು: ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ. ತೂಕ ಹೆಚ್ಚಿದರೆ ಶುಗರ್, ಬಿಪಿ, ಹೃದಯದ ಕಾಯಿಲೆ, ಮಂಡಿ ಸವೆತ ಎಲ್ಲದರ ಸಾಧ್ಯತೆಯೂ ಹೆಚ್ಚುತ್ತದೆ. ಅದನ್ನು ಯಾವ ಡಾಕ್ಟರೂ ಅಲ್ಲಗಳೆಯುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಓಡುವ ಹುಡುಗಿ ಕೇಳುತ್ತಾಳೆ, ಓಡದೆ ಇರುವವನ ಆಸ್ಪತ್ರೆ ಬಿಲ್ಲಿಗೆ ನಾನೇಕೆ ಕಟ್ಟಬೇಕು ಅಂತ. ಅವಳಿಗೆ ಏನು ಉತ್ತರ ಕೊಡಲಿ?

ದೊಡ್ಡಪ್ಪ: ಆ ಹುಡುಗಿಯ ಪ್ರಶ್ನೆಯನ್ನೇ ನನಗೂ ಕೇಳಿದ್ದರು. ಸಾಫ್ಟ್‌ವೇರ್‌ನವರಲ್ಲ, ಈರುಳ್ಳಿ ಬೆಳೆಯುವವರು. 2003ರ ಜೂನ್‌ನಲ್ಲಿ ಸಹಕಾರ ಸಂಘದವರಿಗೆಂದು ಯಶಸ್ವಿನಿ ಆರೋಗ್ಯ ಯೋಜನೆ ಶುರುವಾಯಿತಲ್ಲ, ಆಗ.

ಮಗಳು: ಹೃದಯದ ಡಾಕ್ಟರ್ ದೇವಿ ಶೆಟ್ಟಿಯವರ ಯೋಜನೆ.

ದೊಡ್ಡಪ್ಪ: ಯೋಚನೆ ಅವರದು, ಎಸ್.ಎಂ. ಕೃಷ್ಣ ಅವರ ಸರ್ಕಾರ ಕೈಜೋಡಿಸಿತು, ಮನೆ ಮನೆಗೆ ಹೋಗಿ ಹಣ ಎತ್ತಿದ್ದು ನಮ್ಮಂಥ ಸಹಕಾರ ಸಂಘದವರು. ವರ್ಷಕ್ಕೆ ತಲೆಗೆ 60 ರೂಪಾಯಿ. ತಿಂಗಳಿಗೆ ಐದು. ಒಂದು ಫೋಟೊ ಅಂಟಿಸಿ, ಸೀಲು ಹೊಡೆದು, ಕಾರ್ಡು ಕೊಡುತ್ತಿದ್ದೆವು. ಮೊದಲ ವರ್ಷವೇ ರಾಜ್ಯದಲ್ಲಿ 16 ಲಕ್ಷದಷ್ಟು ಜನ ಸೇರಿದರು. ಆಗ ಒಬ್ಬ ಗಟ್ಟಿಮುಟ್ಟಾದ ರೈತ ಕೇಳಿದ, ‘ನನಗೆ ಏನೂ ಆಗದಿದ್ದರೆ ನನ್ನ 60 ರೂಪಾಯಿ ವಾಪಸ್ ಕೊಡುತ್ತೀರಾ?’ ಕೊಡುವುದಿಲ್ಲ ಅಂದೆ. ‘ಹಂಗಾದರೆ ಯಾಕೆ ಕಟ್ಟಬೇಕು?’ ಅಂದ.

ಮಗಳು: ಏನು ಹೇಳಿದಿರಿ?

ದೊಡ್ಡಪ್ಪ: ಮದುವೆ ಮನೆಯ ಮುಯ್ಯಿಯನ್ನು ನಮ್ಮ ಮನೆಗೆ ಮರಳಿ ಬರಲಿ ಅಂತ ಹಾಕುತ್ತೇವೆ, ಈ ಮುಯ್ಯಿ ಮಾತ್ರ ಮರಳಿ ಬಾರದಿರಲಿ ಅಂತ ಬೇಡಿಕೊಂಡು ಹಾಕುವುದು ಅಂದೆ. ನಿನ್ನ 60 ವಾಪಸ್ ಬರಬೇಕಾದರೆ ನೀನು ಆಪರೇಷನ್ ಟೇಬಲ್ ಮೇಲೆ ಮಲಗಬೇಕಾಗುತ್ತದೆ, ಬೇಕಾ ಅಂದೆ. ನಕ್ಕು ಕಟ್ಟಿದ. ನಿನ್ನ ಓಡುವ ಹುಡುಗಿಗೂ ಅದೇ ಉತ್ತರ.

ಮಗಳು: ಆದರೆ ಯಶಸ್ವಿನಿಯಲ್ಲೂ ತೊಂದರೆ ಇತ್ತಲ್ಲ? ಕಾಯಿಲೆ ಇದ್ದವರೇ ಹುಡುಕಿಕೊಂಡು ಬಂದು ಸೇರಿದರೆ ಯಾವ ನಿಧಿಯೂ ಉಳಿಯುವುದಿಲ್ಲ.

ದೊಡ್ಡಪ್ಪ: ಇತ್ತು, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ಆರು ಜನ ಇದ್ದರೂ ಹೊಟ್ಟೆನೋವಿನವನ ಹೆಸರನ್ನಷ್ಟೇ ಬರೆಸಲು ಬರುತ್ತಿದ್ದರು. 60 ರೂಪಾಯಿ ಸಾಲದೆ ವಂತಿಗೆ ಏರುತ್ತಲೇ ಹೋಯಿತು. 2018ರಲ್ಲಿ ಯೋಜನೆಯನ್ನೇ ಆರೋಗ್ಯ ಕರ್ನಾಟಕದೊಳಗೆ ಸೇರಿಸಿಬಿಟ್ಟರು. 2022ರಲ್ಲಿ ಮತ್ತೆ ತಂದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ಒಟ್ಟಾಗಿ 500 ರೂಪಾಯಿ ಅಂದರು. ನೋಡು, ಮದ್ದು ಅಲ್ಲೇ ಇದೆ. ಮನೆಮಂದಿಯನ್ನೆಲ್ಲ ಸೇರಿಸಿಕೊಂಡರೆ ಗಟ್ಟಿಯವರೂ ನೋವಿನವರೂ ಒಟ್ಟಿಗೆ ಬರುತ್ತಾರೆ. ಕಾಯಿಲೆ ಬೀಳುವವನನ್ನು ಹೆಕ್ಕಿ ಅವನ ಮೇಲೆ ಹೇರು ಅಂತ ಯಾರೂ ಹೇಳಲಿಲ್ಲ. ನಿಮ್ಮ ಕಂಪನಿಯಲ್ಲಿ ಆ ತೊಂದರೆಯೇ ಇಲ್ಲ. ಕೆಲಸಕ್ಕೆ ಸೇರಿದವರೆಲ್ಲ ವಿಮೆಯಲ್ಲೂ ಇದ್ದಾರೆ.

ಮಗಳು: ಬಿಡಿ ಪಾಲಿಸಿ ತೆಗೆದುಕೊಳ್ಳುವವರಿಗೆ ಅರ್ಜಿಯಲ್ಲೇ ಎತ್ತರ, ತೂಕ ಕೇಳುತ್ತಾರೆ. ಹೆಚ್ಚಿದ್ದರೆ ಲೋಡಿಂಗ್ ಅಂತ ಕಂತು ಏರಿಸುತ್ತಾರೆ. ಅದು ಕಾನೂನಿಗೆ ಸರಿ. ಅವರು ಮಾಡಬಹುದಾದದ್ದನ್ನು ನಾವು ಮಾಡಬಾರದೇ?

ದೊಡ್ಡಪ್ಪ: ಹೊರಗೆ ಹಾಗೆ ಮಾಡುತ್ತಾರೆ ಅಂತಲೇ ಗ್ರೂಪ್ ವಿಮೆಗೆ ಬೆಲೆ ಇರುವುದು. ಬಾಗಿಲಲ್ಲಿ ತಕ್ಕಡಿ ಇಡದ ಜಾಗ ಅದು. ಅಲ್ಲೂ ತಕ್ಕಡಿ ತಂದಿಟ್ಟರೆ ಹೊರಗೂ ಒಳಗೂ ವ್ಯತ್ಯಾಸವೇನು? ಅದಿರಲಿ, ಹೋದ ವರ್ಷ ನಿಮ್ಮಲ್ಲಿ ದೊಡ್ಡ ದೊಡ್ಡ ಕ್ಲೇಮುಗಳು ಯಾರವು? ಪಟ್ಟಿ ನೋಡಿದ್ದೀಯಾ?

ಮಗಳು: ಹೆಸರಿಲ್ಲದ ಪಟ್ಟಿ ಬರುತ್ತದೆ. ಹೆರಿಗೆ ಇದೆ. ಒಂದು ಕ್ಯಾನ್ಸರ್. ಅವಧಿಗೆ ಮುಂಚೆ ಹುಟ್ಟಿದ ಮಗು ತೀವ್ರ ನಿಗಾ ಘಟಕದಲ್ಲಿ ಇದ್ದದ್ದು ಒಂದು. ಉಳಿದ ಬಹುಪಾಲು ಅಪ್ಪ-ಅಮ್ಮಂದಿರದು. ಮಂಡಿ ಬದಲಾವಣೆ, ಕಣ್ಣಿನ ಪೊರೆ, ಡಯಾಲಿಸಿಸ್, ಸ್ಟೆಂಟ್.

ದೊಡ್ಡಪ್ಪ: ಸ್ಟೆಂಟ್ ಅಂದರೆ ನಿಮ್ಮಪ್ಪನದೂ ಆ ಪಟ್ಟಿಯಲ್ಲಿ ಇರಬೇಕಲ್ಲ.

ಮಗಳು: ಇದೆ.

ದೊಡ್ಡಪ್ಪ: ಅವನನ್ನು ದಾವಣಗೆರೆ ಆಸ್ಪತ್ರೆಗೆ ಸೇರಿಸುವಾಗ ತೂಕ ಮಾಡಿದ್ದು ನಾನೇ ನಿಂತು ನೋಡಿದೆ. 54 ಕಿಲೊ. ಎತ್ತರ ಐದೂವರೆ ಅಡಿ. ನಿನ್ನ ಲೆಕ್ಕ ಹಾಕು.

ಮಗಳು: 1.68 ಮೀಟರ್ ಅಂತ ಇಟ್ಟುಕೊಂಡರೆ… ಅದನ್ನು ಅದರಿಂದಲೇ ಗುಣಿಸಿದರೆ 2.82. 54ನ್ನು ಭಾಗಿಸಿದರೆ 19.

ದೊಡ್ಡಪ್ಪ: 19! ನಿನ್ನ ಪ್ರಸ್ತಾವದ ಪ್ರಕಾರ ಬಹುಮಾನ ಕೊಡಬೇಕಾದ ಮನುಷ್ಯ. ಎರಡು ರಕ್ತನಾಳ ಕಟ್ಟಿಕೊಂಡಿದ್ದವು. ಇನ್ನೊಂದು ಲೆಕ್ಕ ಹಾಕು. ಎಪಿಎಂಸಿಯಲ್ಲಿ ನಮ್ಮ ಸಂಘದ ಮಾಲು ಇಳಿಸುವ ಹಮಾಲ ಇದ್ದಾನಲ್ಲ, ಮೆಕ್ಕೆಜೋಳದ ಚೀಲ ಬೆನ್ನಿಗೆ ಏರಿಸಿಕೊಂಡು ಹಲಗೆ ಮೇಲೆ ಲಾರಿ ಹತ್ತುವವನು. ಐದು ಅಡಿ ಐದು ಇಂಚು, 74 ಕಿಲೊ.

ಮಗಳು: 27. ಭಾರತೀಯರ ಲೆಕ್ಕದಲ್ಲಿ ಅವರು ಸ್ಥೂಲಕಾಯದವರು. ನಮ್ಮ ವೈದ್ಯರು 2009ರಲ್ಲಿ ಕೂಡಿ ಮಾಡಿಕೊಂಡ ಗೆರೆ ಇದು. 23ಕ್ಕೆ ಅತಿತೂಕ, 25ಕ್ಕೆ ಬೊಜ್ಜು. ಪಾಶ್ಚಾತ್ಯರಿಗೆ ಅದು 25 ಮತ್ತು 30.

ದೊಡ್ಡಪ್ಪ: ನಮಗೇಕೆ ಗೆರೆ ಕೆಳಗಿಳಿಸಿದರು?

ಮಗಳು: ನಮ್ಮ ಜನ ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಜಾಸ್ತಿ ಅನ್ನುವ ಕಾರಣಕ್ಕೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ ಇಬ್ಬರೂ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿ ತೋರಿಸಿದ್ದರು. ಇಬ್ಬರ ಬಿಎಂಐ ಕೂಡ 22.3. ಮೈಯ ಕೊಬ್ಬು ಅಳೆದರೆ ಯುಡ್ಕಿನ್ ಅವರದು ನೂರಕ್ಕೆ 9.1, ಯಾಜ್ಞಿಕ್ ಅವರದು 21.2.

ದೊಡ್ಡಪ್ಪ: ನಿನಗೇ ಗೊತ್ತಿದೆಯಲ್ಲ! ಮೈ ಒಳಗೆ ಏನಿದೆ ಅಂತ ಹೇಳಲಾರದ ಒಂದು ಅಂಕಿ ಹಿಡಿದು ಜೇಬಿಗೆ ಕೈ ಹಾಕುತ್ತೀರಾ?

ಮಗಳು: ಡಾಕ್ಟರುಗಳೂ ಅದೊಂದನ್ನೇ ನಂಬಬೇಡಿ ಅನ್ನುತ್ತಿದ್ದಾರೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್‌ನ ತಜ್ಞರ ಆಯೋಗ ಬಿಎಂಐ ಜೊತೆಗೆ ಸೊಂಟದ ಅಳತೆಯನ್ನೂ ನೋಡಿ, ಬೊಜ್ಜಿನಿಂದ ಅಂಗಾಂಗಕ್ಕೆ ತೊಂದರೆ ಆಗಿದೆಯೇ ಅಂತಲೂ ನೋಡಿ ಅಂದಿತು. ಅಂದರೆ ರೋಗಿಯನ್ನು ಎದುರು ಕೂರಿಸಿಕೊಂಡು ಪರೀಕ್ಷೆ ಮಾಡಬೇಕು. ಎಚ್‌ಆರ್‌ಗೆ ಅದು ಆಗುವ ಕೆಲಸವಲ್ಲ, ಒಪ್ಪುತ್ತೇನೆ. ಆದರೂ ನೂರಾರು ಜನರನ್ನು ಒಟ್ಟಿಗೆ ನೋಡುವಾಗ ಸರಾಸರಿಗೆ ಬಿಎಂಐ ಸಾಕಾಗುತ್ತದೆ.

ದೊಡ್ಡಪ್ಪ: ಸರಾಸರಿಯಿಂದ ಸಂಬಳ ಹಿಡಿಯುತ್ತೀಯಾ, ಮನುಷ್ಯನಿಂದ ಹಿಡಿಯುತ್ತೀಯಾ?

ಮಗಳು: ದೊಡ್ಡಪ್ಪ, ಸರ್ಕಾರವೇ ಬೊಜ್ಜಿನ ಮೇಲೆ ಕಣ್ಣಿಟ್ಟಿದೆ. 2018ರಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆ ಕೆಎಸ್‌ಆರ್‌ಪಿಯ ಮುಖ್ಯಸ್ಥರಾಗಿದ್ದ ಭಾಸ್ಕರ್ ರಾವ್ ಅವರು ಹೊಟ್ಟೆ ಕರಗಿಸದ ಪೊಲೀಸರನ್ನು ಅಮಾನತು ಮಾಡಬೇಕಾಗುತ್ತದೆ ಅಂತ ಸುತ್ತೋಲೆ ಹೊರಡಿಸಿರಲಿಲ್ಲವೇ? ಏರ್ ಇಂಡಿಯಾ 2009ರಲ್ಲಿ ತೂಕ ಹೆಚ್ಚಾದ ಗಗನಸಖಿಯರನ್ನು ಕೆಲಸದಿಂದಲೇ ತೆಗೆಯಿತು. ಅದಕ್ಕೆ ಮುಂಚೆ, 2007ರಲ್ಲಿ, ಇಂಥದ್ದೇ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ ವಿಮಾನ ಕಂಪನಿಯ ಪರ ನಿಂತಿತ್ತು.

ದೊಡ್ಡಪ್ಪ: ಗಲಭೆಯಲ್ಲಿ ಓಡಬೇಕಾದ ಪೊಲೀಸನ ಮೈ ಅವನ ಕೆಲಸದ ಸಲಕರಣೆ. ಬಸ್ ಓಡಿಸುವವನ ಕಣ್ಣು ಪರೀಕ್ಷೆ ಮಾಡಿದಂತೆ ಅವನ ಓಟವನ್ನೂ ಪರೀಕ್ಷೆ ಮಾಡಲಿ. ಓಡಲಾರದವನಿಗೆ ಸಮಯ ಕೊಡಲಿ, ಕವಾಯತು ಕೊಡಲಿ. ಗಗನಸಖಿಯರದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ನೋಡಿದ್ದು ಸಾಮರ್ಥ್ಯವನ್ನೋ ಚೆಲುವನ್ನೋ ಅನ್ನುವ ಅನುಮಾನ ಹೋಗುವುದಿಲ್ಲ. ಏನೇ ಆಗಲಿ, ಅವೆಲ್ಲ ಕೆಲಸಕ್ಕೆ ಯೋಗ್ಯನೋ ಅಲ್ಲವೋ ಅನ್ನುವ ಪ್ರಶ್ನೆ. ನಿಮ್ಮ ಹುಡುಗ ಕುರ್ಚಿಯಲ್ಲಿ ಕೂತು ಕೋಡ್ ಬರೆಯುತ್ತಾನೆ. ಅವನ ಕೆಲಸದಲ್ಲಿ ಊನವಿಲ್ಲ. ಆದರೂ ಅದೇ ಕೆಲಸಕ್ಕೆ ಪಕ್ಕದವನಿಗಿಂತ ವರ್ಷಕ್ಕೆ ಆರು ಸಾವಿರ ಕಡಿಮೆ ಮನೆಗೆ ಒಯ್ಯುತ್ತಾನೆ.

ಮಗಳು: ಹಾಗಾದರೆ ತಿರುಗಿಸಿ ಮಾಡೋಣ. ಹಿಡಿಯುವುದು ಬೇಡ, ತೂಕ ಸರಿಯಿದ್ದವರಿಗೆ ಕೊಡೋಣ. ಬೆಂಗಳೂರಿನ ಷೇರು ವಹಿವಾಟಿನ ಕಂಪನಿ ಜೆರೋಧಾ 2022ರ ಏಪ್ರಿಲ್‌ನಲ್ಲಿ ಹಾಗೆ ಮಾಡಿತ್ತು. ಬಿಎಂಐ 25ಕ್ಕಿಂತ ಕೆಳಗಿದ್ದವರಿಗೆ ಅರ್ಧ ತಿಂಗಳ ಸಂಬಳ ಬೋನಸ್. ಆಗ ಅವರ ನೌಕರರ ಸರಾಸರಿ 25.3 ಇತ್ತಂತೆ. ಆಗಸ್ಟ್ ಹೊತ್ತಿಗೆ ಅದು 24ಕ್ಕಿಂತ ಕೆಳಗಿಳಿದರೆ ಎಲ್ಲರಿಗೂ ಇನ್ನರ್ಧ ತಿಂಗಳದ್ದು.

ದೊಡ್ಡಪ್ಪ: ಎಲ್ಲರಿಗೂ ಸಿಗುವುದು ಒಬ್ಬನ ತೂಕದಿಂದ ತಪ್ಪಿತು ಅಂದರೆ ಆ ಒಬ್ಬನ ಗತಿ ಏನು? ಊಟದ ಹೊತ್ತಿಗೆ ಅವನ ಡಬ್ಬಿಯ ಮೇಲೆ ಎಷ್ಟು ಜನರ ಕಣ್ಣು ಬೀಳಬೇಕು?

ಮಗಳು: ಅದೇ ಮಾತು ಆಗಲೂ ಬಂತು, ಬಹಳ ಜನ ಟೀಕಿಸಿದರು. ಬಿಎಂಐ ಸರಿಯಾದ ಅಳತೆ ಅಲ್ಲ, ಶುರುಮಾಡಲು ಸುಲಭವಾದ ಅಳತೆ ಅಷ್ಟೇ ಅಂತ ಮುಖ್ಯಸ್ಥ ನಿತಿನ್ ಕಾಮತ್ ಅವರೇ ಹೇಳಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತಂದ ಸವಾಲಿನಲ್ಲಿ ತೂಕದ ಬದಲು ದಿನದ ಚಟುವಟಿಕೆಯನ್ನು ಲೆಕ್ಕಕ್ಕೆ ಹಿಡಿದರು. ವರ್ಷದ ನೂರಕ್ಕೆ ತೊಂಬತ್ತು ದಿನ ಗುರಿ ಮುಟ್ಟಿದರೆ ಒಂದು ತಿಂಗಳ ಸಂಬಳ.

ದೊಡ್ಡಪ್ಪ: ಅದು ಎಷ್ಟೋ ವಾಸಿ. ನಡೆಯುವುದು ನನ್ನ ಕೈಯಲ್ಲಿದೆ, ತಕ್ಕಡಿಯ ಮುಳ್ಳು ನನ್ನ ಕೈಯಲ್ಲಿಲ್ಲ. ಆದರೂ ಕೇಳುತ್ತೇನೆ: ಗಾಲಿಕುರ್ಚಿಯಲ್ಲಿ ಇರುವವನು? ಬಾಣಂತಿತನ ಮುಗಿಸಿ ಬಂದವಳು? ಥೈರಾಯ್ಡ್ ಮಾತ್ರೆ ನುಂಗುತ್ತಾ ಊದಿಕೊಂಡವಳು?

ಮಗಳು: ಅವರಿಗೆ ವಿನಾಯಿತಿ ಇಡಬಹುದು. ಡಾಕ್ಟರ ಚೀಟಿ ತಂದರೆ ಆಯಿತು.

ದೊಡ್ಡಪ್ಪ: ಅಂದರೆ ನನಗೆ ಪಿಸಿಒಡಿ ಇದೆ, ನನಗೆ ಸ್ಟೀರಾಯ್ಡ್ ಕೊಡುತ್ತಿದ್ದಾರೆ, ನಾನು ಖಿನ್ನತೆಯ ಮಾತ್ರೆ ತಗೊಳ್ಳುತ್ತಿದ್ದೇನೆ ಅಂತ ನಿನ್ನ ಮೇಜಿನ ಮುಂದೆ ಬಂದು ಹೇಳಬೇಕು. 500 ರೂಪಾಯಿ ಉಳಿಸಿಕೊಳ್ಳಲು ಒಬ್ಬ ಹೆಣ್ಣುಮಗಳು ತನ್ನ ಗುಟ್ಟನ್ನೆಲ್ಲ ಕಚೇರಿಗೆ ಒಪ್ಪಿಸಬೇಕು. ಬಡ್ತಿಯ ಪಟ್ಟಿ ಮಾಡುವುದೂ ಅದೇ ಕಚೇರಿಯೇ ತಾನೇ?

ಮಗಳು: ಅದು ನನಗೂ ಇರುಸುಮುರುಸಿನ ವಿಷಯ. ಆದರೆ ಅಮೆರಿಕದಲ್ಲಿ ಇದು ಕಾನೂನಿನಲ್ಲೇ ಇದೆ. 2010ರ ಆರೋಗ್ಯ ಕಾಯ್ದೆ ವಿಮೆಯ ವೆಚ್ಚದ ನೂರಕ್ಕೆ 30ರವರೆಗೆ ಆರೋಗ್ಯದ ಗುರಿಗೆ ಕಟ್ಟಿಹಾಕಲು ಬಿಟ್ಟಿದೆ, ತಂಬಾಕಿಗಾದರೆ 50ರವರೆಗೆ. ಗುರಿ ಮುಟ್ಟಲಾಗದವರಿಗೆ ಬೇರೆ ದಾರಿ ಕೊಡಬೇಕು ಅನ್ನುವ ಷರತ್ತೂ ಇದೆ. ಅದಕ್ಕೂ ಮುಂಚೆ, 2008ರಲ್ಲೇ, ಅಲಬಾಮಾ ರಾಜ್ಯ ತನ್ನ ನೌಕರರಿಗೆ ಎಚ್ಚರಿಕೆ ಕೊಟ್ಟಿತ್ತು: ಬೊಜ್ಜು ಇಳಿಸಲು ಪ್ರಯತ್ನವನ್ನೇ ಮಾಡದವರು 2011ರಿಂದ ತಿಂಗಳಿಗೆ 25 ಡಾಲರ್ ಕಟ್ಟಬೇಕು ಅಂತ.

ದೊಡ್ಡಪ್ಪ: ಜನ ತೆಳ್ಳಗಾದರಾ?

ಮಗಳು: ಅದನ್ನೇ ಪರೀಕ್ಷಿಸಿದ ಅಧ್ಯಯನವೊಂದು ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ್ದು. ಬೊಜ್ಜಿದ್ದ 197 ನೌಕರರು. ಕೆಲವರಿಗೆ ತೂಕ ನೂರಕ್ಕೆ ಐದರಷ್ಟು ಇಳಿಸಿದರೆ ವಿಮೆಯ ಕಂತಿನಲ್ಲಿ 550 ಡಾಲರ್ ಕಡಿತ ಅಂದರು. ವರ್ಷ ಕಳೆದ ಮೇಲೆ ನೋಡಿದರೆ ಆಸೆ ತೋರಿಸಿದವರಿಗೂ ತೋರಿಸದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ದೊಡ್ಡಪ್ಪ: ತೂಕ ಇಳಿಯಲಿಲ್ಲ ಅಂದರೆ ಉಳಿದದ್ದು ವಸೂಲಿ ಮಾತ್ರ.

ಮಗಳು: ಜಪಾನ್ ದಾರಿ ಬೇರೆ. 2008ರಿಂದ ಅಲ್ಲಿ 40ರಿಂದ 74 ವಯಸ್ಸಿನವರ ಸೊಂಟ ಅಳೆಯುತ್ತಾರೆ. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90. ದಾಟಿದರೆ ಸಲಹೆಗಾರರನ್ನು ಕೊಡುತ್ತಾರೆ. ಒಟ್ಟಾರೆ ಗುರಿ ತಪ್ಪಿದರೆ ಹೊರೆ ಬೀಳುವುದು ವಿಮಾ ಸಂಘದ ಮೇಲೆ, ಆ ಮನುಷ್ಯನ ಮೇಲಲ್ಲ.

ದೊಡ್ಡಪ್ಪ: ಹಾಗೆ ಮಾಡಿದರೆ ಕಂಪನಿಯೇ ತನ್ನ ಕಡೆ ನೋಡಿಕೊಳ್ಳಬೇಕಾಗುತ್ತದೆ. ಹೋದ ಸಲ ನೀನೇ ಹೇಳುತ್ತಿದ್ದೆ, ಅಮೆರಿಕದವರು ಏಳುವ ಹೊತ್ತಿಗೆ ನಿಮ್ಮವರ ಮೀಟಿಂಗ್ ಶುರು, ರಾತ್ರಿ ಹನ್ನೊಂದಕ್ಕೆ ಪಿಜ್ಜಾ ತರಿಸುತ್ತಾರೆ ಅಂತ. ಆ ಪಿಜ್ಜಾದ ಬಿಲ್ಲು ಕಟ್ಟುವವರು ಯಾರು?

ಮಗಳು: ಕಂಪನಿಯೇ. ಡೆಲಿವರಿ ವಾರದಲ್ಲಿ ನಾನೇ ಆರ್ಡರ್ ಹಾಕುತ್ತೇನೆ.

ದೊಡ್ಡಪ್ಪ: ತಿನ್ನಿಸಿ ಕೂರಿಸುವುದೂ ನೀವೇ, ತೂಗಿ ವಸೂಲಿ ಮಾಡುವುದೂ ನೀವೇ. ಸರಿ, ದಂಡ ಕಟ್ಟಿದವನು ಬೊಜ್ಜಿಗೆ ಚಿಕಿತ್ಸೆ ಕೊಡಿಸಿ ಅಂತ ಬಂದರೆ ನಿಮ್ಮ ವಿಮೆ ಕೊಡುತ್ತದಾ?

ಮಗಳು: ಇಲ್ಲಿ ಪ್ರಸ್ತಾವ ನಿಜಕ್ಕೂ ಕಾಲು ಜಾರುತ್ತದೆ, ದೊಡ್ಡಪ್ಪ. ನಮ್ಮ ಪಾಲಿಸಿಯಲ್ಲಿ ಇರುವುದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರಲ್ಲಿ ಗೊತ್ತುಮಾಡಿದ ಒಕ್ಕಣೆ. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಹಣ ಸಿಗಬೇಕಾದರೆ ಬಿಎಂಐ 40 ಮುಟ್ಟಬೇಕು. ಇಲ್ಲವೇ 35 ಇದ್ದು ಜೊತೆಗೆ ಹೃದಯದ ಕಾಯಿಲೆ, ಹತೋಟಿಗೆ ಬಾರದ ಶುಗರ್‌ನಂಥ ದೊಡ್ಡ ತೊಂದರೆ ಇರಬೇಕು. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಇಂಜೆಕ್ಷನ್ ನಮ್ಮ ಮಾರುಕಟ್ಟೆಗೆ ಬಂದವಲ್ಲ, ತೂಕ ಇಳಿಸಲು ಅಂತ ಅವನ್ನು ತೆಗೆದುಕೊಂಡರೆ ನಮ್ಮ ಪಾಲಿಸಿಯಲ್ಲಿ ಒಂದು ರೂಪಾಯಿಯೂ ಸಿಗುವುದಿಲ್ಲ.

ದೊಡ್ಡಪ್ಪ: ವಸೂಲಿಗೆ 25, ಚಿಕಿತ್ಸೆಗೆ 35. ನಡುವೆ ಇರುವವನು ಕಟ್ಟುತ್ತಾ ಕೂರಬೇಕು.

ಮಗಳು: ನಿಮ್ಮ ಮಾತು ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಪ್ರೀಮಿಯಂ ಏರಿರುವುದು ನಿಜ. ಆ ಹಣ ಎಲ್ಲಿಂದ ತರಲಿ? ಎಲ್ಲರಿಂದಲೂ ಸಮನಾಗಿ ಎತ್ತಲೇ?

ದೊಡ್ಡಪ್ಪ: ಸಮ ಅಂದರೆ ಏನು? ನಿಮ್ಮ ಗೇಟಿನ ಸೆಕ್ಯುರಿಟಿಯವನಿಗೆ ಯಾವ ವಿಮೆ?

ಮಗಳು: ಅವರು ಗುತ್ತಿಗೆಯವರು, ಸಂಬಳ 21 ಸಾವಿರದೊಳಗೆ. ಅವರಿಗೆ ಇಎಸ್‌ಐ.

ದೊಡ್ಡಪ್ಪ: 1948ರ ಕಾಯ್ದೆಯಿಂದ ಬಂದದ್ದು. ಅವನು ಸಂಬಳದ ನೂರಕ್ಕೆ ಮುಕ್ಕಾಲು ರೂಪಾಯಿ ಕೊಡುತ್ತಾನೆ, ಮಾಲೀಕ ಮೂರೂಕಾಲು. ಅವನು 50 ಕಿಲೊ ಇರಲಿ 100 ಕಿಲೊ ಇರಲಿ, ದರ ಒಂದೇ. ಸರ್ಕಾರಿ ನೌಕರರ ಆರೋಗ್ಯ ಸಂಜೀವಿನಿ 2025ರ ಅಕ್ಟೋಬರ್‌ನಿಂದ ಬಂತು. ನಿಮ್ಮ ಚಿಕ್ಕಮ್ಮನ ಸಂಬಳದಲ್ಲಿ ಹಿಡಿಯುತ್ತಾರೆ, ನೋಡಿದ್ದೇನೆ. ಎ ಗುಂಪಿನವರಿಗೆ ತಿಂಗಳಿಗೆ 1000, ಬಿ ಗುಂಪಿಗೆ 500, ಸಿ ಗುಂಪಿಗೆ 350, ಡಿ ಗುಂಪಿಗೆ 250. ತಹಶೀಲ್ದಾರರಿಗೂ ಕಚೇರಿ ಜವಾನನಿಗೂ ಒಂದೇ ಯೋಜನೆ, ಕೊಡುವ ಹಣ ಅವರವರ ಶಕ್ತಿಯಷ್ಟು. ವಂತಿಗೆಯನ್ನು ಸಂಬಳ ನೋಡಿ ಕೇಳಬೇಕು ಕಣವ್ವ, ಸೊಂಟ ನೋಡಿ ಅಲ್ಲ. ನಿಮ್ಮ ಕಚೇರಿಯಲ್ಲಿ 25 ಸಾವಿರ ತಗೊಳ್ಳುವ ಸಪೋರ್ಟ್ ಹುಡುಗನಿಗೂ ಎರಡೂವರೆ ಲಕ್ಷದ ಮ್ಯಾನೇಜರನಿಗೂ ಅದೇ 500. ಮ್ಯಾನೇಜರನಿಗೆ ಜಿಮ್ ಇದೆ, ಊಟದ ಕಾವಲಿಗೆ ಡಯಟೀಷಿಯನ್ ಇದ್ದಾಳೆ. ಪಿಜಿಯಲ್ಲಿ ಅನ್ನ-ಸಾರು ಉಂಡು ಎರಡು ಗಂಟೆ ಬಸ್ಸಿನಲ್ಲಿ ಕೂರುವ ಹುಡುಗನಿಗೆ ಏನಿದೆ?

ಮಗಳು: ಒಂದು ಕೊಕ್ಕೆ ಉಳಿದಿದೆ. ವಯಸ್ಸು. ಅಪ್ಪ-ಅಮ್ಮನನ್ನು ಸೇರಿಸಿಕೊಳ್ಳಲು ನಾವು ವಯಸ್ಸು ನೋಡಿ ಹೆಚ್ಚು ಹಣ ಕೇಳುತ್ತೇವೆ. ಅದೂ ಮೈ ನೋಡಿ ಕೇಳಿದಂತೆಯೇ ಅಲ್ಲವೇ? ಅದಕ್ಕೆ ಯಾರೂ ತಕರಾರು ತೆಗೆದಿಲ್ಲ.

ದೊಡ್ಡಪ್ಪ: ಕಂತು ಕಟ್ಟಲಾಗದೆ ಪಾಲಿಸಿ ಬಿಟ್ಟ ಮುದುಕರನ್ನು ಕೇಳು, ತಕರಾರು ಗೊತ್ತಾಗುತ್ತದೆ. ಆದರೂ ಒಂದು ವ್ಯತ್ಯಾಸ ಇದೆ. ಮುಪ್ಪು ಎಲ್ಲರಿಗೂ ಬರುವ ಸರದಿ. ಇವತ್ತು ಕೊಡುವವನು ನಾಳೆ ಪಡೆಯುತ್ತಾನೆ. ಅದಕ್ಕೆ ಯಾರೂ ಯಾರನ್ನೂ ಹಂಗಿಸುವುದಿಲ್ಲ. ದಪ್ಪಗಿರುವವನಿಗೆ ಮಾತ್ರ ಹಣದ ಜೊತೆ ‘ನಿನ್ನದೇ ತಪ್ಪು’ ಅನ್ನುವ ಮಾತನ್ನೂ ಸೇರಿಸಿ ಹೇರುತ್ತೀರಿ.

ಮಗಳು: ಹಾಗಾದರೆ ಕೇಳಿ. ಏರಿದ ಹಣದಲ್ಲಿ ಅರ್ಧ ಕಂಪನಿಯದು. ಉಳಿದರ್ಧ ಸಂಬಳದ ನಾಲ್ಕು ಹಂತಗಳಲ್ಲಿ, ಕೆಳಗಿನ ಹಂತಕ್ಕೆ ಸೊನ್ನೆ. ವರ್ಷಕ್ಕೊಮ್ಮೆ ಎಲ್ಲರಿಗೂ ತಪಾಸಣೆ; ವರದಿ ನೌಕರನ ಕೈಗೆ ಮಾತ್ರ, ಎಚ್‌ಆರ್‌ಗೆ ಇಲ್ಲ. ರಾತ್ರಿ ಮೀಟಿಂಗ್ ವಾರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ. ಇಷ್ಟು ಬರೆದರೆ?

ದೊಡ್ಡಪ್ಪ: ಇಂಥದ್ದಕ್ಕೆ ನಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು. ನಿಮ್ಮ ಫೈನಾನ್ಸ್‌ನವನು ಒಪ್ಪುತ್ತಾನಾ?

ಮಗಳು: ಕಷ್ಟ. ಅವರು ದಿನಾ ಸೈಕಲ್ ಹೊಡೆಯುವವರು, ಕಡ್ಡಿಯಂತೆ ಇದ್ದಾರೆ. ಹಳೆಯ ಪ್ರಸ್ತಾವದಲ್ಲಿ ಅವರ ಪಾಲು ಸೊನ್ನೆ. ಇದರಲ್ಲಿ ಎಲ್ಲರಿಗಿಂತ ಮೇಲಿನ ಹಂತ ಅವರದೇ.

ದೊಡ್ಡಪ್ಪ: ಆಗ ಏನು ಮಾಡುತ್ತೀ?

ಮಗಳು: ಬೇಡ ಅನ್ನುವುದಾದರೆ ಕಾರಣ ಬರೆದುಕೊಡಿ ಅನ್ನುತ್ತೇನೆ. ನೌಕರರ ಆರೋಗ್ಯದ ಕಾಳಜಿಯಿಂದ ಈ ಯೋಜನೆ ಅಂತ ಅವರೇ ಮೊದಲ ಸಾಲಿನಲ್ಲಿ ಹಾಕಿಸಿದ್ದರು. ಆ ಕಾಳಜಿ ತಮ್ಮ ಜೇಬಿನವರೆಗೆ ಬಂದ ಮೇಲೂ ಉಳಿದಿದೆಯೇ ಅಂತ ಎಲ್ಲರೂ ನೋಡಲಿ.